ಕೆಡುವ ಮೊದಲೇ ದಡಕ್ಕೆ

ಜಪಾನಿನವರು ತಮ್ಮ ಸಬ್‌ಮರೀನನ್ನು ಅದು ಕೆಡುವ ಮೊದಲೇ ಸೇವೆಯಿಂದ ತೆಗೆದುಬಿಡುತ್ತಾರೆ. ಈ ಸಂಗತಿ ನನ್ನ ಹೆಂಡತಿಯ ಕಿವಿಗೆ ಬೀಳದೇ ಹೋಗಿದ್ದರೆ ಅವಳು ಇನ್ನೂ ಒಂದಷ್ಟು ಕಾಲ ಇರುತ್ತಿದ್ದಳು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಹಾಗೇನಿಲ್ಲ ಎನ್ನುತ್ತಾಳೆ ಮಗಳು. ಅವಳ ಮಾತೇ ಸರಿಯಿರಬಹುದು. ಆದರೆ ಕೋಪಕ್ಕೆ ಒಂದು ವಿಳಾಸ ಬೇಕಲ್ಲ. ನನ್ನ ಕೋಪಕ್ಕೆ ಸಿಕ್ಕ ವಿಳಾಸ ಸಿಯಾಟಲ್ ಹತ್ತಿರದ ಕೆನ್ಮೋರ್‌ನ ನಮ್ಮ ಬೀದಿಯಲ್ಲೇ, ನಮ್ಮ ಮನೆಯಿಂದ ಎರಡನೆಯ ಮನೆ.

ನಾನು ಓವರ್‌ಲೇಕ್‌ನ ದೊಡ್ಡ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕಿ ಹುಡುಕಿ ಮೊಸರಿನಲ್ಲಿ ಕಲ್ಲು ಹುಡುಕುವುದೇ ನನ್ನ ಸ್ವಭಾವವಾಗಿದೆ. ಹೆಂಡತಿ ಉಡುಪಿ ಕಡೆಯವಳು, ಎಲ್ಲಿದ್ದರೂ ಅವಳಿಗೆ ಕಣ್ಣಳತೆಯಲ್ಲಿ ನೀರು ಬೇಕು. ಸರೋವರದ ತುದಿಯ ಈ ಊರಿನಲ್ಲಿ ಮನೆ ಮಾಡಿದ್ದು ಅದಕ್ಕೇ. ಒಂದು ವರ್ಷ ಅವಳಿಗೆ ಜ್ವರ ಬಂತು, ಹೋಯಿತು. ಆಮೇಲೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದಳು. ವಯಸ್ಸಾಯಿತು, ಮೈ ಬಂದಿದೆ ಎಂದು ಇಬ್ಬರೂ ನಕ್ಕೆವು. ಆಸ್ಪತ್ರೆಗೆ ಹೋದಾಗ ಹೃದಯದ ಎಡಭಾಗ ಹೆಸರಿಗೆ ಮಾತ್ರ ಕೆಲಸ ಮಾಡುತ್ತಿದೆ ಎಂದರು. ಅವಳ ಶ್ವಾಸಕೋಶದ ಸ್ಥಿತಿ ನೋಡಿ, ಬೇರೆಯವರ ಹೃದಯ ಜೋಡಿಸಲೂ ಸಾಧ್ಯವಿಲ್ಲ ಎಂದರು.

ಹಾಗಾಗಿ ಎದೆಯೊಳಗೆ ಒಂದು ಪಂಪ್ ಕೂರಿಸಿದರು. ಅದರ ವೈರು ಹೊಟ್ಟೆಯ ಪಕ್ಕದಿಂದ ಹೊರಗೆ ಬಂದು ಸೊಂಟಕ್ಕೆ ಕಟ್ಟಿದ ಪುಟ್ಟ ಪೆಟ್ಟಿಗೆಗೆ ಸೇರುತ್ತದೆ. ಪೆಟ್ಟಿಗೆಗೆ ಎರಡು ಬ್ಯಾಟರಿ, ಎರಡು ಕಂಕುಳ ಕೆಳಗೆ ಒಂದೊಂದು. ಮಲಗುವಾಗ ಗೋಡೆಯ ಪ್ಲಗ್ಗು. ಸಂಗೀತ ಕಛೇರಿಗೆ ಹೋದರೂ, ತರಕಾರಿಗೆ ಹೋದರೂ ಬದಲಿ ಬ್ಯಾಟರಿಯ ಚೀಲ ಹಿಂದೆಯೇ ಬರಬೇಕು. ಅವಳು ಸೀರೆ ಬಿಟ್ಟು ಜೇಬಿರುವ ಜಾಕೆಟ್ಟು ಹಾಕತೊಡಗಿದಳು. ಊಟವಾದ ಮೇಲೆ "ನಾನು ಚಾರ್ಜಿಗೆ ಹೋಗ್ತೇನೆ" ಎಂದು ಮಲಗಲು ಎದ್ದು ಹೋಗುವಳು. ನಗೆಯಲ್ಲಿ ಹೇಳುತ್ತಿದ್ದಳು, ನನಗೆ ಮಾತ್ರ ಒಂದು ದಿನವೂ ನಗು ಬರಲಿಲ್ಲ.

ಇದು ಎಲ್ಲಿಯವರೆಗೆ ಎಂದು ಅವಳು ಬಾಯಿ ತೆರೆದರೆ ಸಾಕು, ನಾನು "ಬಿಡ್ತು ಅನ್ನು" ಎನ್ನುತ್ತಿದ್ದೆ. ಮೈಸೂರಿನ ನಮ್ಮ ಮನೆಯಲ್ಲಿ ಯಾರಾದರೂ ಕೆಟ್ಟ ಮಾತಾಡಿದರೆ ಆ ಕ್ಷಣವೇ ಅವರ ಬಾಯಿಂದ ಬಿಡ್ತು ಅನ್ನಿಸುತ್ತಿದ್ದರು. ಅಸ್ತು ದೇವತೆಗಳು ಮೇಲೆ ಓಡಾಡುತ್ತಿರುತ್ತಾರೆ, ತಥಾಸ್ತು ಅಂದುಬಿಟ್ಟರೆ ಕಷ್ಟ ಎನ್ನುತ್ತಿದ್ದರು ಅಮ್ಮ. ಅವಳು ಇದನ್ನು ಕಲಿತದ್ದು ನನ್ನನ್ನು ಮದುವೆಯಾದ ಮೇಲೆ. ಬಿಡ್ತು, ಬಿಡ್ತು ಎಂದು ಎರಡು ಸಲ ಹೇಳಿ ತರಕಾರಿ ಹೆಚ್ಚಲು ಕೂರುವಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಎರಡನೆಯ ಮನೆಯ ಅಜ್ಜ ನಮ್ಮ ಮನೆಗೆ ಬಂದದ್ದು ಒಂದು ನವೆಂಬರಿನ ಗಾಳಿಯ ಮರುದಿನ. ಮರಗಳು ತಂತಿಯ ಮೇಲೆ ಬಿದ್ದು ಊರಿಡೀ ಕರೆಂಟು ಹೋಗಿತ್ತು. ಚಾರ್ಜು ತುಂಬಿದ ಬ್ಯಾಟರಿಗಳು ಒಂದೊಂದಾಗಿ ಮುಗಿಯುತ್ತಾ ಬಂದಿದ್ದವು. ಆಸ್ಪತ್ರೆಗೆ ಹೋಗೋಣವೆಂದು ಕಾರು ತೆಗೆದರೆ ಬೀದಿಯ ತುದಿಯಲ್ಲೇ ಒಂದು ದೊಡ್ಡ ಫರ್ ಮರ ಅಡ್ಡ ಬಿದ್ದಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅವರಿಗೂ ಅದೇ ಮರ. ನಾನು ಮರಕ್ಕೆ ಬೈಯುತ್ತಾ ನಿಂತಿದ್ದಾಗ ಈ ಅಜ್ಜ ತೋಟದ ಕೈಗಾಡಿಯಲ್ಲಿ ಒಂದು ಜನರೇಟರ್ ಇಟ್ಟುಕೊಂಡು ತಳ್ಳುತ್ತಾ ಬಂದರು. ತಮ್ಮ ಮಗಳ ಮನೆಯಲ್ಲಿ ಇರುತ್ತಿದ್ದ ಜಪಾನಿನವರು, ಎಂಬತ್ತು ದಾಟಿದವರು. ಅಲ್ಲಿಯವರೆಗೆ ತಲೆ ಬಾಗಿಸುವುದಷ್ಟೇ ನಮ್ಮ ಪರಿಚಯ. ಹೆಂಡತಿಯ ಸೊಂಟದ ಪೆಟ್ಟಿಗೆಯನ್ನು ಅವರು ಯಾವತ್ತೋ ಗಮನಿಸಿದ್ದರು.

ಜನರೇಟರನ್ನು ಅಂಗಳದಲ್ಲೇ, ಕಿಟಕಿ ಬಾಗಿಲುಗಳಿಂದ ದೂರ ನಿಲ್ಲಿಸಿ, ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಿ, ವೈರನ್ನು ಒಳಗೆ ಎಳೆದುಕೊಟ್ಟರು. ಚಾರ್ಜರಿನ ದೀಪ ಹತ್ತಿದ ಮೇಲೆ ನಮ್ಮ ಸೋಫಾದಲ್ಲಿ ಕೂತು ಹೆಂಡತಿ ಬ್ಯಾಟರಿ ಬದಲಿಸುವುದನ್ನು ನೋಡಿದರು. ಎರಡನ್ನೂ ಒಟ್ಟಿಗೆ ಬಿಚ್ಚುವಂತಿಲ್ಲ, ಅಲ್ಲವೇ ಎಂದು ಕೇಳಿದರು. ಹೌದು, ಒಂದು ಬಿಚ್ಚಿ ಹೊಸದು ಹಾಕಿದ ಮೇಲೆಯೇ ಇನ್ನೊಂದು ಎಂದಳು. ತಾನು ಕಟ್ಟಿದ್ದರಲ್ಲೂ ಹಾಗೆಯೇ, ಮುಂದೊಂದು ಗುಂಪು, ಹಿಂದೊಂದು ಗುಂಪು ಎಂದರು. ಕೋಬೆಯ ಹಡಗುಕಟ್ಟೆಯೊಂದರಲ್ಲಿ ಸಬ್‌ಮರೀನುಗಳ ಬ್ಯಾಟರಿ ಕೋಣೆಯ ವಿನ್ಯಾಸ ಮಾಡುತ್ತಿದ್ದ ಇಂಜಿನಿಯರ್ ಅವರು ಎಂದು ನಮಗೆ ಗೊತ್ತಾದದ್ದು ಆಗಲೇ.

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಅಜ್ಜ ಬರತೊಡಗಿದರು. ನಾನು ಗುರುವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೀಟಿಂಗಿನಲ್ಲಿ ಇದ್ದಂತೆ ನಟಿಸುತ್ತಾ ಇವರ ಮಾತು ಕೇಳುತ್ತಿದ್ದೆ. ಇಬ್ಬರದೂ ಹರಕು ಇಂಗ್ಲಿಷು, ಆದರೆ ಅವರಿಬ್ಬರಿಗೆ ಅದು ಧಾರಾಳ ಸಾಕಾಗುತ್ತಿತ್ತು. ಅಜ್ಜ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಿದ್ದರು. ಮೊದಲು ಹೊರಮೈ. ಮುಂದೆ ದುಂಡಗೆ, ಹಿಂದೆ ಸಣ್ಣಗಾಗುತ್ತಾ ಹೋಗುವ ನೀರಿನ ಹನಿ. ಹಳೆಯ ಕಾಲದ ಸಬ್‌ಮರೀನು ನೀರಿನ ಮೇಲೆ ಓಡಾಡಿ ಬೇಕಾದಾಗ ಮುಳುಗುವ ದೋಣಿಯಾಗಿತ್ತಂತೆ. ಇವರದ್ದು ಮುಳುಗಿಯೇ ಇರಬೇಕಾದದ್ದು, ಮೇಲೆ ಬಂದರೆ ಕುಡುಕನ ಹಾಗೆ ಹೊರಳಾಡುತ್ತದಂತೆ.

ಡೀಸೆಲ್ ಇಂಜಿನಿಗೆ ಉಸಿರು ಬೇಕು. ನೀರಿನೊಳಗೆ ಉಸಿರಿಲ್ಲ. ಹಾಗಾಗಿ ಮುಳುಗಿದಾಗ ಎಲ್ಲವೂ ಬ್ಯಾಟರಿಯ ಮೇಲೆ: ಫ್ಯಾನು, ದೀಪ, ಅನ್ನ ಬೇಯಿಸುವ ಒಲೆ, ಹಿಂದಿನ ದೊಡ್ಡ ಮೋಟಾರು. ಒಂದೊಂದು ಬ್ಯಾಟರಿಯೂ ಶಾಲೆಗೆ ಹೋಗುವ ಮಗುವಿನಷ್ಟು ಎತ್ತರ, ಅಂಥವು ನೂರಾರು, ಜನ ಮಲಗುವ ನೆಲದ ಕೆಳಗೇ. ಚಾರ್ಜು ಇಳಿದಾಗ ನೀರಿನ ಮೇಲೆ ಒಂದು ಕೊಳವೆಯನ್ನಷ್ಟೇ ಚಾಚಿ, ಅದರಿಂದ ಗಾಳಿ ಎಳೆದು ಇಂಜಿನು ಓಡಿಸಿ ಮತ್ತೆ ತುಂಬಿಕೊಳ್ಳಬೇಕು. ಶತ್ರುವಿಗೆ ಸಿಕ್ಕಿಬೀಳುವ ಭಯ ಇರುವುದು ಆ ಹೊತ್ತಿನಲ್ಲೇ. ಉಳಿದಂತೆ ಸದ್ದಿಲ್ಲ. ಯಂತ್ರಗಳೆಲ್ಲ ರಬ್ಬರಿನ ಮೇಲೆ ಕೂತಿರುತ್ತವೆ, ಹೊರಮೈಗೂ ರಬ್ಬರಿನ ಹೊದಿಕೆ. ಕೆಲಸವಿಲ್ಲದವರು ಮಲಗಿರಬೇಕು, ಮಲಗಿದವನು ಕಡಿಮೆ ಗಾಳಿ ತಿನ್ನುತ್ತಾನೆ. ಎಷ್ಟು ಆಳ ಹೋಗುತ್ತಿತ್ತು ಎಂದು ನಾನು ಒಮ್ಮೆ ನಡುವೆ ಬಾಯಿ ಹಾಕಿದೆ. ಅಜ್ಜ ನಯವಾಗಿ, "ಬೇಕಾದಷ್ಟು" ಎಂದು ಹೇಳಿ ಕಾಫಿ ಕುಡಿದರು. ಕೆಲಸ ಬಿಟ್ಟು ಅಷ್ಟು ವರ್ಷವಾದರೂ ಆ ಅಂಕಿಯನ್ನು ಅವರು ತಮ್ಮ ಹೆಂಡತಿಗೂ ಹೇಳಿರಲಿಲ್ಲವಂತೆ.

ನನ್ನ ಹೆಂಡತಿಗೆ ಆಳ ಬೇಕಿರಲಿಲ್ಲ. ಬಟ್ಟೆ ಎಲ್ಲಿ ಒಣಗಿಸುತ್ತಿದ್ದರು, ಒಗ್ಗರಣೆಯ ಹೊಗೆ ಎಲ್ಲಿ ಹೋಗುತ್ತಿತ್ತು, ಯಾರಿಗಾದರೂ ಅಳು ಬಂದರೆ ಎಲ್ಲಿ ಹೋಗಿ ಅಳುತ್ತಿದ್ದರು, ಇಂಥವೇ ಅವಳ ಪ್ರಶ್ನೆಗಳು. ಅಳುವ ಪ್ರಶ್ನೆಗೆ ಅಜ್ಜ ತಾವು ಬರೆದ ಚಿತ್ರದ ಮೇಲೆಲ್ಲ ಪೆನ್ಸಿಲು ಆಡಿಸಿ ಹುಡುಕಿ, ನಾವು ಅದಕ್ಕೆ ಜಾಗ ಬಿಟ್ಟಿರಲಿಲ್ಲ ಎಂದರು. ಅವರ ನೌಕಾಪಡೆಯಲ್ಲಿ ಶುಕ್ರವಾರ ಶುಕ್ರವಾರ ಕರಿ ಎಂಬ ಗಟ್ಟಿ ಮಸಾಲೆ ಸಾರು ಮತ್ತು ಅನ್ನವಂತೆ. ಆಳದಲ್ಲಿ ಹಗಲಿಲ್ಲ, ವಾರವಿಲ್ಲ, ಕರಿಯ ಪರಿಮಳ ಬಂದರೆ ಅವತ್ತು ಶುಕ್ರವಾರ ಎಂದು ತಿಳಿಯಬೇಕು. ಒಮ್ಮೆ ಅದನ್ನು ಉಪ್ಪಿಲ್ಲದೆ ಮಾಡಿ ಅವಳಿಗೆ ತಂದುಕೊಟ್ಟರು. ಅವಳು ತಿಂದು, ಇದು ನಮ್ಮ ಹುಳಿಗೆ ದೂರದ ನೆಂಟ, ಆದರೆ ಮನೆ ಬಿಟ್ಟು ಹೋಗಿ ಬಹಳ ವರ್ಷವಾಗಿದೆ ಎಂದು ಜೋರಾಗಿ ನಕ್ಕಳು. ಅವಳು ಅಷ್ಟು ನಗುವುದನ್ನು ನಾನು ಕಂಡು ಎಷ್ಟೋ ತಿಂಗಳಾಗಿತ್ತು, ನನಗೆ ಹೊಟ್ಟೆಕಿಚ್ಚಾದದ್ದೂ ನಿಜ.

ಆ ಚಳಿಗಾಲ ಅವಳಿಗೆ ಒಳ್ಳೆಯದಾಗಲಿಲ್ಲ. ವೈರು ಹೊರಬರುವ ಜಾಗದಲ್ಲಿ ಮತ್ತೆ ಮತ್ತೆ ಕೀವಾಯಿತು. ಪಂಪಿಗಾಗಿ ರಕ್ತ ತೆಳುಮಾಡುವ ಮಾತ್ರೆ ಕೊಡುತ್ತಿದ್ದರು, ಅದರಿಂದ ಕರುಳಿನಲ್ಲಿ ರಕ್ತ ಸೋರಿತು. ಮಾತ್ರೆ ಕಡಿಮೆ ಮಾಡಿದರು, ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಒಂದು ಸಣ್ಣ ಪೆಟ್ಟು ಬಿತ್ತು. ಒಂದು ಇಡೀ ಮಧ್ಯಾಹ್ನ ಅವಳಿಗೆ ಸೌತೆಕಾಯಿ ಎಂಬ ಪದ ಸಿಗಲಿಲ್ಲ. ಕೈಯಲ್ಲಿ ಸೌತೆಕಾಯಿ ಹಿಡಿದು ನನ್ನ ಮುಖ ನೋಡುತ್ತಾ ನಿಂತಿದ್ದಳು. ಸಂಜೆಗೆ ಪದ ಬಂತು. ಆದರೆ ಇಂಥದ್ದು ಮತ್ತೆ ಬರಬಹುದು, ದೊಡ್ಡದೇ ಬರಬಹುದು ಎಂದು ಡಾಕ್ಟರು ಅವಳ ಎದುರಿಗೇ ಹೇಳಿದರು. ಈ ದೇಶದ ಡಾಕ್ಟರುಗಳಿಗೆ ಬಿಡ್ತು ಅನ್ನಿಸುವವರು ಯಾರೂ ಇಲ್ಲ.

ನಾನು ಸುಮ್ಮನೆ ಕೂರುವವನಲ್ಲ. ಆ ಸಬ್‌ಮರೀನುಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಒಂದು ವಿಷಯ ಸಿಕ್ಕಿತ್ತು. ಜಪಾನ್ ಸರಕಾರ ತನ್ನ ಸಬ್‌ಮರೀನುಗಳ ಸೇವೆಯ ಅವಧಿಯನ್ನು ಕೆಲವು ವರ್ಷ ಹೆಚ್ಚಿಸಿತ್ತು. ಓದಿದ್ದೇ ತಡ, ನನಗೆ ಇದು ಪ್ರಸಾದದಂತೆ ಕಂಡಿತು. ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವ ಹಿರಿಯರಿಗೆ ಬಾಗಿಲಲ್ಲೇ ಪಿಸುಗುಟ್ಟುತ್ತೇವಲ್ಲ, ಸ್ವಲ್ಪ ಧೈರ್ಯ ಹೇಳಿ ಎಂದು. ಅವರು ಒಳಗೆ ಹೋಗಿ, ನಮ್ಮ ಚಿಕ್ಕಪ್ಪನಿಗೆ ಇದಕ್ಕಿಂತ ಜಾಸ್ತಿ ಆಗಿತ್ತು, ಈಗ ಬೆಟ್ಟ ಹತ್ತುತ್ತಾನೆ ಎಂದು ಹೇಳಿ ಬರುತ್ತಾರೆ. ಚಿಕ್ಕಪ್ಪ ತೀರಿಕೊಂಡು ವರ್ಷವಾಗಿದ್ದರೂ ಸರಿ. ಹಣ್ಣು ಕೊಂಡು ಹೋದ ಹಾಗೆ ಒಂದು ಸುಳ್ಳನ್ನೂ ಕೊಂಡು ಹೋಗುವುದು ನಮ್ಮ ಮರ್ಯಾದೆ. ನಾನು ಕಿತ್ತಳೆ ಹಣ್ಣಿನ ಚೀಲ ಹಿಡಿದು ಎರಡನೆಯ ಮನೆಗೆ ಹೋದೆ. ಈ ಗುರುವಾರ ಅವಳಿಗೆ ಸಬ್‌ಮರೀನಿನ ಆಯುಷ್ಯ ಹೆಚ್ಚಿಸಿದ ಕತೆ ಹೇಳಿ ಎಂದೆ. ಅದು ನಿಜವಾದ ಸಂಗತಿ, ಹೇಳುತ್ತೇನೆ ಎಂದರು ಅಜ್ಜ. ಉಳಿದದ್ದು ಅವರಿಗೆ ಗೊತ್ತಿರುತ್ತದೆ ಎಂದುಕೊಂಡು ನಾನು ಬಿಡಿಸಿ ಹೇಳಲಿಲ್ಲ.

ಗುರುವಾರ ಬಂತು. ಅಜ್ಜ ಹೇಳಿದರು, ಹೌದು, ಅವಧಿ ಹೆಚ್ಚಿಸಿದರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಖುಷಿಪಟ್ಟೆ. ಆದರೆ ಅದು ದೋಣಿಗೆ ಒಳ್ಳೆಯದೆಂದು ಮಾಡಿದ್ದಲ್ಲ, ಹೆಚ್ಚು ದೋಣಿ ಬೇಕೆಂದು ಮಾಡಿದ್ದು ಎಂದರು. ಪ್ರತಿ ಸಲ ಮುಳುಗಿದಾಗ ನೀರು ಉಕ್ಕಿನ ಮೈಯನ್ನು ಹಿಸುಕುತ್ತದೆ, ಮೇಲೆ ಬಂದಾಗ ಅದು ಸಡಿಲಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಆ ದಣಿವು ಒಂದು ಸಲದ್ದೂ ಬಿಟ್ಟುಹೋಗದೆ ಜಮೆಯಾಗುತ್ತದೆ. ಬ್ಯಾಟರಿ ಬದಲಿಸಬಹುದು, ಪಂಪು ಬದಲಿಸಬಹುದು. ಮೈ ಬದಲಿಸಲು ಬರುವುದಿಲ್ಲ.

ನಿಮ್ಮ ದೋಣಿ ಎಷ್ಟು ಕಾಲ ಇತ್ತು ಎಂದು ಅವಳು ಕೇಳಿದಳು. ತನ್ನದು ಹಳೆಯ ಲೆಕ್ಕದ್ದು, ಅದಕ್ಕೆ ಹೆಚ್ಚಿನ ವರ್ಷಗಳು ಸಿಗಲಿಲ್ಲ ಎಂದರು ಅಜ್ಜ. ಆಗ ವರ್ಷಕ್ಕೊಂದು ಹೊಸದು ಬರುತ್ತಿತ್ತು, ವರ್ಷಕ್ಕೊಂದು ಹಳೆಯದು ಹೋಗಬೇಕಿತ್ತು. ಕೊನೆಗಾಲದಲ್ಲಿ ಅದನ್ನು ತರಬೇತಿಗೆ ಇಟ್ಟರು. ಹೊಸ ಹುಡುಗರು ಹತ್ತಿ ಇಳಿದು ಕಲಿತರು. ಆಮೇಲೆ ಒಂದು ಬೆಳಿಗ್ಗೆ ಬಾವುಟ ಇಳಿಸಿದರು. ಕಟ್ಟಿದವರನ್ನೂ ಕರೆದಿದ್ದರು, ಇವರೂ ಕೋಟು ಹಾಕಿ ದಡದಲ್ಲಿ ನಿಂತಿದ್ದರು. ಸಿಬ್ಬಂದಿ ಒಬ್ಬೊಬ್ಬರಾಗಿ ನಡೆದು ಬಂದರು, ಕೊನೆಗೆ ಕ್ಯಾಪ್ಟನ್. ಅದಾದ ಮೇಲೆ ಬ್ಯಾಟರಿಗಳನ್ನು ಇವರೇ ಗುರುತು ಹಾಕಿಕೊಟ್ಟಿದ್ದ ದಾರಿಯಿಂದ ಒಂದೊಂದಾಗಿ ಮೇಲೆತ್ತಿದರು. ಆ ಭಾರದ ಲೆಕ್ಕದಲ್ಲೇ ದೋಣಿಯನ್ನು ನೀರಿನಲ್ಲಿ ಕೂರಿಸಿದ್ದು. ಭಾರ ಹೋದ ಹಾಗೆಲ್ಲ ಅದು ಮೇಲೆ ಮೇಲೆ ಎದ್ದಿತು. ಯಾವತ್ತೂ ನೀರಿನಿಂದ ಹೊರಗೆ ಕಂಡಿರದ ಹೊಟ್ಟೆ ಕಂಡಿತು. ತನಗೆ ಅದು ಗುರುತೇ ಸಿಗಲಿಲ್ಲ ಎಂದರು.

"ಅದರಲ್ಲಿ ಏನು ಕೆಟ್ಟಿತ್ತು?" ಎಂದು ಕೇಳಿದಳು.

"ಏನೂ ಕೆಟ್ಟಿರಲಿಲ್ಲ. ಮರುದಿನವೇ ಸಮುದ್ರಕ್ಕೆ ಹೋಗಬಹುದಿತ್ತು."

"ಮತ್ತೆ ಯಾಕೆ?"

ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲವರೆಗೆ ಬಂದಿದ್ದೆ. ಅಜ್ಜ ನನ್ನ ಕಡೆ ನೋಡಲೇ ಇಲ್ಲ. "ಕೆಡುವವರೆಗೆ ಕಾದರೆ ಅದು ಆಳದಲ್ಲಿ ಕೆಡುತ್ತದೆ" ಎಂದರು. "ಅಲ್ಲಿಂದ ಯಾರಿಗೂ ನಡೆದು ಬರಲಾಗುವುದಿಲ್ಲ."

ನಾನು ತಟ್ಟೆಯನ್ನು ಸದ್ದಾಗುವಂತೆ ಮೇಜಿನ ಮೇಲಿಟ್ಟು ಹವೆಯ ಮಾತೆತ್ತಿದೆ. ಇಬ್ಬರೂ ಮರ್ಯಾದೆಗೆ ಹವೆಯ ಬಗ್ಗೆ ಮಾತಾಡಿದರು.

ಅವಳು ನನಗೆ ಹೇಳಿದ್ದು ಮಾರ್ಚಿನಲ್ಲಿ, ಬೀನ್ಸಿನ ನಾರು ತೆಗೆಯುತ್ತಾ. ಅಷ್ಟರಲ್ಲಿ ಎರಡನೆಯ ಸಣ್ಣ ಪೆಟ್ಟು ಬಿದ್ದು ಅವಳ ಎಡಗೈ ಸ್ವಲ್ಪ ಸೋತಿತ್ತು. ಬೀನ್ಸು ಬೆರಳಿನಿಂದ ಜಾರುತ್ತಿತ್ತು, ನಾನು ಎತ್ತಿ ಎತ್ತಿ ಕೊಡುತ್ತಿದ್ದೆ.

"ಈ ಪಂಪನ್ನು ನಿಲ್ಲಿಸ್ಲಿಕ್ಕೆ ಆಗ್ತದಂತೆ. ನಾನು ಡಾಕ್ಟ್ರ ಹತ್ರ ಕೇಳಿದೆ."

"ಬಿಡ್ತು ಅನ್ನು."

"ಇಷ್ಟು ವರ್ಷ ನೀವು ಹೇಳಿದಾಗೆಲ್ಲ ಅಂದಿದ್ದೇನೆ. ಇವತ್ತು ಅನ್ನುದಿಲ್ಲ ಮಾರಾಯ್ರೆ. ಕೂತ್ಕೊಳ್ಳಿ."

ಕೂತೆ. ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ಮುಂದಿನ ಪೆಟ್ಟು ಬಿದ್ದರೆ ಮಾತು ಹೋಗಬಹುದು, ನಿಮ್ಮ ಗುರುತೇ ಹೋಗಬಹುದು, ಆದರೂ ಪಂಪು ಓಡುತ್ತಲೇ ಇರುತ್ತದೆ, ಅದಕ್ಕೆ ನಾನು ಯಾರೆಂದು ಗೊತ್ತಿಲ್ಲವಲ್ಲ ಎಂದಳು. ಆಮೇಲೆ ನಿಲ್ಲಿಸುವ ಮಾತನ್ನು ನೀವು ಮತ್ತು ಮಗಳು ಆಡಬೇಕಾಗುತ್ತದೆ, ಅದು ನಿಮ್ಮಿಂದ ಆಗುವ ಕೆಲಸವಲ್ಲ ಎಂದಳು. "ನಾನು ಇರುವಾಗ್ಲೇ ನಾನು ಹೋಗ್ಬೇಕು" ಎಂದಳು. ನಾನು ಏನೇನೋ ಅಂದೆ. ಹೊಸ ಔಷಧ ಬರುತ್ತದೆ ಎಂದೆ, ಮಗಳ ಮದುವೆ ಎಂದೆ. ದೇವರ ಹೆಸರನ್ನೂ ತೆಗೆದೆ, ನಾನು ನವರಾತ್ರಿಯಲ್ಲಿ ಬಿಟ್ಟರೆ ಕೈಮುಗಿಯದವನು. ಅವಳು ಎಲ್ಲವನ್ನೂ ಕೇಳಿ, ಬೀನ್ಸನ್ನು ತೊಳೆಯಲು ಎದ್ದಳು.

ನಾನು ಚಪ್ಪಲಿಯಲ್ಲೇ ಎರಡನೆಯ ಮನೆಗೆ ಹೋದೆ. ಅಜ್ಜ ಹಿತ್ತಿಲಿನಲ್ಲಿ ಮೂಲಂಗಿಗೆ ಮಣ್ಣು ಏರಿಸುತ್ತಿದ್ದರು. ನಿಮ್ಮಿಂದ ಹೀಗಾಯಿತು ಎಂದು ಎಲ್ಲವನ್ನೂ ಅಂದುಬಿಟ್ಟೆ. ಧೈರ್ಯ ಹೇಳಿ ಎಂದು ಕಳಿಸಿದರೆ ದಾರಿ ಹೇಳಿಕೊಟ್ಟಿರಲ್ಲ ಎಂದೆ. ಅವರು ಕೈಯ ಮಣ್ಣು ಒರೆಸಿಕೊಳ್ಳದೆ ಪೂರ್ತಿ ಕೇಳಿದರು. ಅವರ ಕಣ್ಣು ತುಂಬಿದ್ದು ಕಂಡು ನನ್ನ ಕೋಪ ಇಳಿಯಬೇಕಿತ್ತು, ಇನ್ನಷ್ಟು ಏರಿತು.

"ನಾನು ಸುಳ್ಳು ಹೇಳಬೇಕಿತ್ತೇ?" ಎಂದು ಕೇಳಿದರು.

"ಹೌದು" ಎಂದೆ. "ಹೇಳಬೇಕಿತ್ತು."

ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಒಪ್ಪಿಗೆಯೋ ಕ್ಷಮೆಯೋ ನನಗೆ ತಿಳಿಯಲಿಲ್ಲ, ತಿಳಿಯುವ ಮನಸ್ಸೂ ಇರಲಿಲ್ಲ. ಆಮೇಲಿನ ಗುರುವಾರಗಳಲ್ಲೂ ಅವರು ಬಂದರು. ಅವಳೇ ಕರೆಸಿಕೊಳ್ಳುತ್ತಿದ್ದಳು. ನಾನು ಆ ಹೊತ್ತಿಗೆ ಆಫೀಸಿಗೆ ಹೋಗತೊಡಗಿದೆ.

ಆಸ್ಪತ್ರೆಯವರಾದರೂ ಬೇಡ ಎನ್ನುತ್ತಾರೆಂದು ಆಸೆ ಇಟ್ಟುಕೊಂಡಿದ್ದೆ. ಮಾತು ಮಾತಿಗೆ ಸಹಿ ಕೇಳುವ ದೇಶ, ಇದಕ್ಕೆ ಬಿಡುತ್ತದೆಯೇ ಎಂದುಕೊಂಡಿದ್ದೆ. ಅವರು ಅವಳನ್ನು ಹಲವು ಸಲ ಕೂರಿಸಿ ಕೇಳಿದರು, ನನ್ನನ್ನು ಹೊರಗೆ ಕಳಿಸಿಯೂ ಕೇಳಿದರು. ಪ್ರತಿ ಸಲ ಅವಳು ಒಂದೇ ಉತ್ತರ ಕೊಟ್ಟಳು. ಬೇಡವಾದ ಚಿಕಿತ್ಸೆಯನ್ನು ನಿಲ್ಲಿಸುವ ಹಕ್ಕು ರೋಗಿಯದು ಎಂದು ಡಾಕ್ಟರು ಬಹಳ ಮೃದುವಾಗಿ ನನಗೆ ಬಿಡಿಸಿ ಹೇಳಿದರು. ಮಗಳು ಬಂದಳು. ತಾಯಿಯೊಡನೆ ಒಂದು ದಿನ ಬಾಗಿಲು ಹಾಕಿಕೊಂಡು ಮಾತಾಡಿ ಹೊರಗೆ ಬಂದು, ಅಮ್ಮನ ಜೊತೆ ಜಗಳ ಮಾಡಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮನೆಯಲ್ಲಿ ನಾನೊಬ್ಬನೇ ಇನ್ನೂ ಬೇಡ ಎನ್ನುವ ಕಡೆ ಉಳಿದಿದ್ದೆ. ಒಬ್ಬನೇ ಎಷ್ಟು ದಿನ ಕೂಗುತ್ತಾ ಇರಲಿ.

ಅದು ಒಂದು ಶುಕ್ರವಾರ. ಸಿಯಾಟಲ್‌ನ ಆಸ್ಪತ್ರೆಯ ಕೋಣೆ, ಹೊರಗೆ ಒಳ್ಳೆಯ ಬಿಸಿಲು. ಅಷ್ಟು ಒಳ್ಳೆಯ ಬಿಸಿಲನ್ನು ನಾನು ಕ್ಷಮಿಸಿಲ್ಲ. ಅವಳು ತಲೆ ಬಾಚಿಸಿಕೊಂಡು, ಹಣೆಗೆ ಇಟ್ಟುಕೊಂಡು, ಜಾಕೆಟ್ಟು ಬಿಟ್ಟು ನೀಲಿ ಸೀರೆಯನ್ನು ಮೈಮೇಲೆ ಹೊದ್ದುಕೊಂಡಿದ್ದಳು. ಮಗಳಿಗೆ ಹೇಳುವುದೆಲ್ಲ ಹೇಳಿದಳು. ನನಗೆ, ಬೆಳಿಗ್ಗೆ ತಿಂಡಿ ತಿಂದಿರಾ ಎಂದು ಕೇಳಿದಳು. ತಿಂದೆ ಎಂದೆ. ನೋವಾಗದಂತೆ, ಉಸಿರು ಕಟ್ಟದಂತೆ ಔಷಧ ಕೊಟ್ಟರು. ಅವಳಿಗೆ ನಿದ್ದೆ ಹತ್ತಿದ ಮೇಲೆ ನರ್ಸು ನಮ್ಮನ್ನು ನೋಡಿದಳು. ಮಗಳು ತಲೆಯಾಡಿಸಿದಳು. ಪೆಟ್ಟಿಗೆಯ ಎಚ್ಚರಿಕೆಯ ಸದ್ದನ್ನು ಮೊದಲು ಅಡಗಿಸಿ, ಆಮೇಲೆ ಎರಡೂ ಬ್ಯಾಟರಿಗಳನ್ನು ಒಟ್ಟಿಗೆ ಬಿಚ್ಚಿದರು.

ಒಂದು ಮಾತು ಹೇಳಬೇಕು. ಆ ಪಂಪು ರಕ್ತವನ್ನು ನಲ್ಲಿಯ ನೀರಿನ ಹಾಗೆ ಒಂದೇ ಸಮ ಹರಿಸುತ್ತದೆ. ಹಾಗಾಗಿ ಅದನ್ನು ಹಾಕಿಸಿಕೊಂಡ ಮೇಲೆ ಅವಳ ಕೈಯಲ್ಲಿ ನಾಡಿ ಸಿಗುತ್ತಿರಲಿಲ್ಲ. ಎದೆಗೆ ಕಿವಿಯಿಟ್ಟರೆ ಬಡಿತವಿಲ್ಲ, ಒಂದು ಗುಂಯ್ ಸದ್ದು ಮಾತ್ರ. ಮೊದಮೊದಲು ಅವಳು ಮಲಗಿದಾಗ ಹೆದರಿ ಮುಟ್ಟಿ ನೋಡುತ್ತಿದ್ದೆ. ಆಮೇಲೆ ಅಭ್ಯಾಸವಾಗಿ, ಮಣಿಕಟ್ಟನ್ನು ಹಿಡಿಯುವುದನ್ನೇ ಬಿಟ್ಟಿದ್ದೆ.

ಅವತ್ತು ಹಿಡಿದುಕೊಂಡೆ. ಪಂಪು ನಿಂತ ಸ್ವಲ್ಪ ಹೊತ್ತಿಗೆ ನನ್ನ ಬೆರಳ ಕೆಳಗೆ ಏನೋ ಮಿಡಿಯಿತು. ಮತ್ತೊಂದು ಸಲ. ಅದು ಅವಳದೇ ಹೃದಯ, ಯಾವುದನ್ನು ಕೆಲಸಕ್ಕೆ ಬಾರದೆಂದು ಬದಿಗಿಟ್ಟಿದ್ದರೋ ಅದು, ಇನ್ನೊಬ್ಬರ ಸಹಾಯವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಸಣ್ಣಗೆ, ತಾಳತಪ್ಪಿ. ನನಗೆ ಆಸೆ ಬಂತು. ನಾಚಿಕೆಯಿಲ್ಲದ ಆಸೆ. ಇದು ಹೀಗೇ ಹಿಡಿದುಕೊಂಡರೆ ಎಂದುಕೊಂಡೆ. ಮಗಳ ಕೈಯನ್ನು ಎಳೆದು ಅಮ್ಮನ ಇನ್ನೊಂದು ಮಣಿಕಟ್ಟಿನ ಮೇಲೆ ಇಟ್ಟೆ. "ನೋಡು, ಹೊಡ್ಕೊತಾ ಇದೆ" ಎಂದೆ. ಅವಳಿಗೂ ಸಿಕ್ಕಿತು. ಇಬ್ಬರೂ ಆಚೆ ಈಚೆ ಕೂತು ಅದನ್ನೇ ಹಿಡಿದುಕೊಂಡಿದ್ದೆವು.

ಬಹಳ ಹೊತ್ತಾದ ಮೇಲೆ ಮಗಳು ತಲೆ ಎತ್ತಿದಳು. "ಐ ಕಾಂಟ್ ಫೀಲ್ ಇಟ್, ಅಪ್ಪ" ಎಂದಳು.

ನನಗೂ ಸಿಗುತ್ತಿರಲಿಲ್ಲ. "ನಂಗೆ ಸಿಗ್ತಾ ಇದೆ" ಎಂದೆ.